ಸ್ವಯಂಸಿದ್ಧ ಹೇಳಿಕೆ ಮತ್ತು ಸವಕಲು ಮಾತು: ಚಿತ್ರದುರ್ಗ ಸೀಮೆಯ ಬಳಕೆ

ಸ್ವಯಂಸಿದ್ಧ ಹೇಳಿಕೆ ಎಂದರೆ ಕೇಳುವವರಿಗೆ ಮೊದಲೇ ಗೊತ್ತಿರುವ, ಪುರಾವೆ ಬೇಡದ, ಅಲ್ಲಗಳೆಯಲು ಬಾರದ ಸಂಗತಿಯನ್ನು ಹೇಳುವ ವಾಕ್ಯ. ಸವಕಲು ಮಾತು ಎಂದರೆ ಒಂದು ಕಾಲಕ್ಕೆ ಹೊಸದಾಗಿದ್ದು, ಬಳಸಿ ಬಳಸಿ ಅರ್ಥದ ಮೊನೆ ಕಳೆದುಕೊಂಡ ನುಡಿ. ಎರಡನ್ನೂ ಒಂದೇ ಎಂದು ತಿಳಿಯುವುದು ವಾಡಿಕೆ, ಅದು ಸರಿಯಲ್ಲ. ‘ಹುಟ್ಟಿದವರು ಸಾಯಲೇಬೇಕು’ ಎಂಬುದು ಸ್ವಯಂಸಿದ್ಧವೂ ಹೌದು, ಸವಕಲೂ ಹೌದು. ‘ಮುಗಿಲು ಮುಟ್ಟಿದ ಆಕ್ರಂದನ’ ಸವಕಲು ಮಾತ್ರ. ಅದರಲ್ಲಿ ಸ್ವಯಂಸಿದ್ಧವಾದದ್ದು ಏನೂ ಇಲ್ಲ. ಈ ಲೇಖನ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಮಾತು ಬರಹಗಳಲ್ಲಿ ಇವುಗಳ ಹುಟ್ಟು, ರಚನೆ, ಬಳಕೆಗಳನ್ನು ವಿವರಿಸುತ್ತದೆ. ಅಗತ್ಯವಿದ್ದಲ್ಲಿ ಅದೇ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ನಿದರ್ಶನಗಳನ್ನೂ ತೆಗೆದುಕೊಂಡಿದೆ.

ಪಾರಿಭಾಷಿಕ ಪದಗಳು

ಗಾದೆ ಎಂಬುದು ಜನರ ಅನುಭವವನ್ನು ಒಂದು ಸಿದ್ಧ ವಾಕ್ಯದಲ್ಲಿ ಹಿಡಿದಿಡುವ ಮಾತು. ಅದು ಸ್ವಯಂಸಿದ್ಧವಾಗಿರಬೇಕೆಂದಿಲ್ಲ, ಒಂದಕ್ಕೊಂದು ವಿರುದ್ಧವಾದ ಗಾದೆಗಳೂ ಒಂದೇ ಊರಿನಲ್ಲಿ ಬಾಳುತ್ತವೆ. ನುಡಿಗಟ್ಟು ವಾಕ್ಯವಲ್ಲ, ವಾಕ್ಯದ ಒಂದು ತುಂಡು. ಪುನರುಕ್ತಿ ಎಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು. ಸಿದ್ಧಸಾಧನ ಎಂಬುದು ಆಗಲೇ ಒಪ್ಪಿತವಾದದ್ದನ್ನು ಮತ್ತೆ ಸಾಧಿಸಲು ಹೊರಡುವ ವಾದದೋಷಕ್ಕೆ ನ್ಯಾಯಶಾಸ್ತ್ರ ಇಟ್ಟ ಹೆಸರು. ಕ್ಲೀಷೆ 19ನೇ ಶತಮಾನದ ಫ್ರೆಂಚ್ ಅಚ್ಚುಕೂಟದಿಂದ ಬಂದ ಪದ. ಕನ್ನಡ ವಿಮರ್ಶೆಯಲ್ಲಿ ಅದು ಸವಕಲು ಮಾತಿಗೆ ಸಮಾನವಾಗಿ ನಡೆಯುತ್ತದೆ. ಆಡುಮಾತಿನಲ್ಲಿ ಇವೆಲ್ಲಕ್ಕೂ ‘ಅದೇ ಹಳೇ ರಾಗ’ ಎಂಬ ಒಂದೇ ಮಾತು ಸಾಕಾಗುತ್ತದೆ.

ಮೂಲ ಮತ್ತು ಇತಿಹಾಸ

ಕರ್ನಾಟಕದಲ್ಲಿ ದೊರೆತಿರುವ ಅತ್ಯಂತ ಹಳೆಯ ಬರಹಗಳಲ್ಲಿ ಕೆಲವು ಈ ಜಿಲ್ಲೆಯಲ್ಲಿಯೇ ಇವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರಗಳ ಅಶೋಕನ ಶಾಸನಗಳು ಕ್ರಿ.ಪೂ. 3ನೇ ಶತಮಾನದವು, 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಅವುಗಳಲ್ಲಿರುವುದು ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ. ಅದರ ಕೊನೆಯ ಭಾಗದಲ್ಲಿ ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಅರ್ಥದ ಮಾತುಗಳಿವೆ. ಇವು ಹಿಂದಿನಿಂದ ನಡೆದು ಬಂದ ರೀತಿಯೇ ಹೊರತು ಹೊಸತಲ್ಲ ಎಂದು ಶಾಸನವೇ ಸೇರಿಸುತ್ತದೆ. ಈ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ಆಧಾರ ಬೇರಿಲ್ಲ. ಎಲ್ಲರಿಗೂ ಗೊತ್ತಿದ್ದ ಮಾತನ್ನು, ಎಲ್ಲರಿಗೂ ಗೊತ್ತಿದೆ ಎಂದು ಒಪ್ಪಿಕೊಂಡೇ, ಚಕ್ರವರ್ತಿಯೊಬ್ಬ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಮಾತಿನ ಹೊಸತನಕ್ಕಿಂತ ಅದನ್ನು ಯಾರು, ಎಲ್ಲಿ ನಿಂತು ಹೇಳುತ್ತಾರೆ ಎಂಬುದು ಮುಖ್ಯವೆಂದು ಅಂದಿನ ಆಡಳಿತಕ್ಕೆ ತಿಳಿದಿತ್ತು. ಬರೆದ ಲಿಪಿಕಾರ ಚಪಡ ತನ್ನ ಹೆಸರಿನ ಜೊತೆಗೆ ‘ಲಿಪಿಕಾರ’ ಎಂಬ ಪದವನ್ನು ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಶಾಸನದ ಉಳಿದ ಭಾಗ ಬ್ರಾಹ್ಮಿಯಲ್ಲಿದೆ.

ಅನಂತರದ ಶಾಸನಗಳಲ್ಲಿ ಸಿದ್ಧ ಮಾತುಗಳು ಕಾನೂನಿನ ಕೆಲಸ ಮಾಡಿದವು. ಚಿತ್ರದುರ್ಗ ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೇ ಸಂಪುಟದಲ್ಲಿ ಸೇರಿವೆ. ದತ್ತಿ ಕೊಟ್ಟ ಶಾಸನ ಯಾವುದೇ ಇರಲಿ, ಆರಂಭಕ್ಕೆ ‘ಸ್ವಸ್ತಿ’, ದಾನದ ಅವಧಿಗೆ ಚಂದ್ರ ಸೂರ್ಯರಿರುವ ತನಕ ಎಂಬ ಮಾತು, ಕೊನೆಗೆ ದಾನ ಅಳಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಎಂಬ ಶಾಪ ಬರುವುದು ಸಾಮಾನ್ಯ. ನೂರಾರು ಕಲ್ಲುಗಳಲ್ಲಿ ಅದೇ ಶಾಪ ಇರುವುದನ್ನು ದೋಷವೆಂದು ನೋಡಬಾರದು. ಶಾಪದ ಮಾತು ಬದಲಾಗದಿರುವುದೇ ಅದರ ಬಲ. ಹೊಸದಾಗಿ ಕಟ್ಟಿದ ಶಾಪಕ್ಕೆ ಯಾರೂ ಹೆದರುತ್ತಿರಲಿಲ್ಲ. ಇಂದಿನ ಕ್ರಯಪತ್ರಗಳಲ್ಲಿ ‘ನಾನು ನನ್ನ ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ’ ಎಂಬ ಒಕ್ಕಣೆ ಉಳಿದುಕೊಂಡಿರುವುದೂ ಇದೇ ಕಾರಣಕ್ಕೆ.

ಶಾಸ್ತ್ರಕಾರರು ಪುನರುಕ್ತಿಯನ್ನು ಸಾರಾಸಗಟಾಗಿ ತಳ್ಳಲಿಲ್ಲ. ಗೌತಮನ ನ್ಯಾಯಸೂತ್ರಗಳು ಅದನ್ನು ವಾದದಲ್ಲಿ ಸೋಲುವ ಸ್ಥಾನಗಳಲ್ಲಿ ಒಂದೆಂದು ಎಣಿಸಿದರೂ, ಪ್ರಯೋಜನಕ್ಕಾಗಿ ಮರಳಿ ಹೇಳುವುದನ್ನು ‘ಅನುವಾದ’ವೆಂದು ಬೇರೆ ಇಟ್ಟವು. ಮೀಮಾಂಸಕರು ಇದಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ, ಬೆಂಕಿಯೇ ಚಳಿಗೆ ಮದ್ದು ಎಂಬ ಅರ್ಥದ ವೇದವಾಕ್ಯ: ಯಾರಿಗೆ ತಾನೇ ಗೊತ್ತಿಲ್ಲದ ಸಂಗತಿ ಅದು? ದಂಡಿಯ ‘ಕಾವ್ಯಾದರ್ಶ’ ಒಂದೇ ಅರ್ಥವನ್ನು ಮತ್ತೆ ಹೇಳುವುದನ್ನು ಕಾವ್ಯದೋಷವೆಂದಿತು. ಆದರೆ ಕನಿಕರದಂಥ ಭಾವ ಮೀರಿ ಬಂದಾಗ ಅದು ದೋಷವಲ್ಲ, ಅಲಂಕಾರ ಎಂದೂ ಹೇಳಿತು. ಕನ್ನಡದ ‘ಕವಿರಾಜಮಾರ್ಗ’ ಬಹುಮಟ್ಟಿಗೆ ಈ ಗ್ರಂಥವನ್ನು ಅವಲಂಬಿಸಿದೆ.

ರಚನೆ

ಈ ಸೀಮೆಯ ಆಡುಮಾತಿನಲ್ಲಿ ಸ್ವಯಂಸಿದ್ಧ ಹೇಳಿಕೆಗಳು ನಾಲ್ಕಾರು ಅಚ್ಚುಗಳಲ್ಲಿ ಬರುತ್ತವೆ. ಮೊದಲನೆಯದು ಒಂದೇ ಪದವನ್ನು ಎರಡು ಸಲ ಇಟ್ಟು ಎರಡನೆಯದಕ್ಕೆ ‘ಏ’ ಸೇರಿಸುವುದು: ‘ತಾಯಿ ತಾಯೀನೇ’, ‘ಕೊಟ್ಟ ಮಾತು ಕೊಟ್ಟ ಮಾತೇ’. ತರ್ಕದ ದೃಷ್ಟಿಯಿಂದ ಇಲ್ಲಿ ಹೊಸ ಸುದ್ದಿ ಇಲ್ಲ. ಆದರೆ ಮೊದಲ ‘ತಾಯಿ’ ಹೆತ್ತವಳನ್ನು ಸೂಚಿಸಿದರೆ ಎರಡನೆಯದು ತಾಯ್ತನದ ಗುಣಗಳನ್ನೆಲ್ಲ ಸೂಚಿಸುತ್ತದೆ. ಆ ಸಣ್ಣ ‘ಏ’ಕಾರ ಎರಡರ ನಡುವಿನ ದಾರಿ. ಎರಡನೆಯ ಅಚ್ಚು ಕೃದಂತ ಮತ್ತು ಅದೇ ಧಾತುವಿನ ಕ್ರಿಯಾಪದದ ಜೋಡಿ: ‘ಆಗಿದ್ದು ಆಗೋಯ್ತು’, ‘ಆಗಾದು ಆಗ್ತೈತೆ’. ಜಗಳ, ನಷ್ಟ, ಕೈತಪ್ಪಿದ ಸಂಬಂಧ ಯಾವುದೇ ಆಗಲಿ, ಮಾತನ್ನು ಅಲ್ಲಿಗೆ ನಿಲ್ಲಿಸಲು ಇದನ್ನು ಬಳಸುತ್ತಾರೆ.

ಮೂರನೆಯದು ಹೆಚ್ಚು ಗಮನಾರ್ಹ: ‘ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ’. ಹಿರಿಯೂರು, ಚಿತ್ರದುರ್ಗ ಕಡೆ ಕೊಳವೆಬಾವಿ ಕೊರೆಸುವ ಜಮೀನಿನಲ್ಲಿ ‘ನೀರು ಬಿದ್ರೆ ಬಿತ್ತು, ಇಲ್ಲಾಂದ್ರೆ ಇಲ್ಲ’ ಎಂಬ ರೂಪ ತಾಳುತ್ತದೆ. ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ 1921ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ಮಳೆ ಬರುತ್ತದೆ ಅಥವಾ ಬರುವುದಿಲ್ಲ ಎಂದು ತಿಳಿದವನಿಗೆ ಹವೆಯ ಬಗ್ಗೆ ಏನೂ ತಿಳಿದಂತಾಗುವುದಿಲ್ಲ ಎಂದು ವಾದಿಸಿದ್ದರು. ವಾಕ್ಯವನ್ನಷ್ಟೇ ನೋಡಿದರೆ ಅದು ಸರಿ. ಬೋರ್‌ವೆಲ್ ಲಾರಿಯ ಪಕ್ಕದಲ್ಲಿ ಸಾಲದ ದುಡ್ಡು ಹಿಡಿದು ನಿಂತ ರೈತ ಅದನ್ನು ಹೇಳಿದಾಗ ಮಾತು ನೀರಿನ ಬಗ್ಗೆ ಇರುವುದಿಲ್ಲ, ಹೇಳುವವನ ಬಗ್ಗೆ ಇರುತ್ತದೆ: ಎರಡಕ್ಕೂ ನಾನು ಸಿದ್ಧ, ಕೊರೆಯುವುದನ್ನು ನಿಲ್ಲಿಸಬೇಡಿ. ಎರಡೂ ರೂಪಗಳಲ್ಲಿ ಭೂತಕಾಲದ ‘ಬಂತು’, ‘ಬಿತ್ತು’ ಬಂದು, ಇನ್ನೂ ಆಗದ ಸಂಗತಿ ಆಗಿಹೋದಂತೆ ತೋರುವುದು ಕನ್ನಡದ ವಾಕ್ಯಕ್ಕೇ ಒದಗಿದ ಸೌಲಭ್ಯ.

ನಾಲ್ಕನೆಯದು ಉತ್ತರ ಬೇಡದ ಪ್ರಶ್ನೆ. ‘ಹೋದೋರು ಬರ್ತಾರಾ?’ ಎಂಬುದೂ ‘ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?’ ಎಂಬ ಗಾದೆಯೂ ಈ ವರ್ಗದವು. ಗಾದೆಗಳಲ್ಲಿ ಇದರ ಜೊತೆಗೆ ಪ್ರಾಸ ಮತ್ತು ಸಮತೂಕದ ಎರಡು ಭಾಗಗಳು ಸೇರಿಕೊಳ್ಳುತ್ತವೆ.

ಬಗೆಗಳು

ವಿಷಯವನ್ನು ಆಧರಿಸಿ ಇವುಗಳನ್ನು ಬಾಳು ಸಾವುಗಳ ಮಾತು, ಮಳೆ ಬೆಳೆಯ ಮಾತು, ನೀತಿಮಾತು, ಹರಕೆ ಹಾರೈಕೆಯ ಮಾತು, ಬಿರುದು ವಿಶೇಷಣಗಳು ಮತ್ತು ಸಾರ್ವಜನಿಕ ಘೋಷಣೆಗಳು ಎಂದು ವಿಂಗಡಿಸಬಹುದು. ಒಂದೇ ಮಾತು ಎರಡು ಮೂರು ವರ್ಗಗಳಿಗೆ ಸೇರುವುದುಂಟು.

ನೀತಿಮಾತಿಗೆ ಜಿಲ್ಲೆಯಲ್ಲಿ ಹೆಚ್ಚು ಕೇಳಿಬರುವ ನಿದರ್ಶನ ಚಳ್ಳಕೆರೆ ತಾಲ್ಲೂಕು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳದೆಂದು ಹೇಳುವ ‘ಮಾಡಿದಷ್ಟು ನೀಡು ಭಿಕ್ಷೆ’. ದುಡಿದಷ್ಟೇ ಕೂಲಿ ಎಂಬುದು ಸ್ವಯಂಸಿದ್ಧ ನ್ಯಾಯ. ಕೆರೆಗಳನ್ನು ಕಟ್ಟಿಸಿ ಕೂಲಿಯವರಿಗೆ ಕೆಲಸದ ಅಳತೆಗೆ ತಕ್ಕಂತೆ ಕೊಟ್ಟರೆಂಬ ಐತಿಹ್ಯ ಹಿಂದಿರುವುದರಿಂದ ಮಾತಿಗೆ ತೂಕ ಬಂದಿದೆ. ಹಾರೈಕೆಯ ಮಾತಿಗೆ ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯಲ್ಲಿ ಉದಾಹರಣೆ ಇದೆ. ಮರುಳಸಿದ್ಧರು ಶಿಷ್ಯನನ್ನು ‘ತರಳಾ, ಬಾಳು’ ಎಂದು ಹರಸಿದರೆಂಬುದು ಅಲ್ಲಿನ ಮಠದ ಪರಂಪರೆಯ ನಂಬಿಕೆ. ಆ ಎರಡು ಪದಗಳೇ ಪೀಠದ ಹೆಸರಾಗಿ, 1950ರಿಂದ ನಡೆಯುತ್ತಿರುವ ತರಳಬಾಳು ಹುಣ್ಣಿಮೆಯ ಹೆಸರೂ ಆಗಿವೆ. ‘ಚೆನ್ನಾಗಿ ಬಾಳು’ ಎಂಬಷ್ಟು ಸಾಮಾನ್ಯವಾದ ಮಾತು ಒಂದು ಸಂಸ್ಥೆಯ ಗುರುತಾಗಿ ನಿಂತದ್ದು ಅಪರೂಪ.

ಬಳಕೆ

ಸಾವಿನ ಮನೆ. ಸ್ವಯಂಸಿದ್ಧ ಮಾತುಗಳು ಅತಿ ದಟ್ಟವಾಗಿ ಕೇಳುವ ಜಾಗ ಇದು. ಮಾತನಾಡಿಸಲು ಬಂದವರು ಜಗಲಿಯ ಮೇಲೆ ಕುಳಿತು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಋಣ ಇದ್ದಿದ್ದೇ ಅಷ್ಟು’ ಎನ್ನುತ್ತಾರೆ. ಇನ್ನೊಬ್ಬರು ‘ನಾವೇನು ಇಲ್ಲೇ ಇರಾಕೆ ಬಂದಿದೀವಾ’ ಎಂದು ಸೇರಿಸುತ್ತಾರೆ. ಮನೆಯವರು ‘ಏನ್ ಮಾಡಾಕಾಗ್ತೈತೆ’ ಎನ್ನುತ್ತಾರೆ. ‘ಇರೋರ ಮುಖ ನೋಡಿ ಗಟ್ಟಿಯಾಗಬೇಕು’ ಎಂಬಲ್ಲಿಗೆ ಒಂದು ಸುತ್ತು ಮುಗಿಯುತ್ತದೆ. ಮುಂದಿನ ಗುಂಪು ಬಂದಾಗ ಅದೇ ಸುತ್ತು ಮೊದಲಿನಿಂದ. ಈ ನಾಲ್ಕು ಮಾತುಗಳಲ್ಲಿ ಮನೆಯವರಿಗೆ ಗೊತ್ತಿರದ ಒಂದೂ ಇಲ್ಲ. ಇಲ್ಲಿ ಹೊಸ ಮಾತು ಆಡುವವನು ಕೇಳುವವರಿಗೆ ಹೊಸ ಉತ್ತರದ ಹೊರೆ ಹೊರಿಸುತ್ತಾನೆ. ಹಳೆಯ ಮಾತಿಗೆ ಹಳೆಯ ಉತ್ತರ ಸಿದ್ಧವಿದೆ, ಅತ್ತು ದಣಿದವರು ಅದನ್ನು ಹೇಳಬಲ್ಲರು. ದಂಡಿ ಕನಿಕರದ ಪುನರುಕ್ತಿಯನ್ನು ಅಲಂಕಾರವೆಂದದ್ದರ ಅರ್ಥ ಇಲ್ಲಿ ಪೂರ್ತಿಯಾಗಿ ತಿಳಿಯುತ್ತದೆ. ಸವಕಲು ಎಂದು ಇವನ್ನು ಹಳಿಯುವವರು ಇವುಗಳ ಕೆಲಸವನ್ನು ನೋಡಿಲ್ಲ.

ಬೇಸಾಯ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಪಶ್ಚಿಮದ ಹೊಳಲ್ಕೆರೆಗೆ ಹೆಚ್ಚು, ಪೂರ್ವದ ಹಿರಿಯೂರಿಗೆ ಕಡಿಮೆ. ಮಳೆ ನಕ್ಷತ್ರಗಳ ಗಾದೆಗಳು ಇಲ್ಲಿ ಬಾಯಲ್ಲಿ ನಿಂತಿರುವುದಕ್ಕೆ ಇದೇ ಕಾರಣ. ‘ಭರಣಿ ಬಂದರೆ ಧರಣಿಯೆಲ್ಲ ಬೆಳೆ’ ಎಂಬುದು ಏಪ್ರಿಲ್ ಕೊನೆಯಿಂದ ಮೇ ತಿಂಗಳ ಮಳೆಗೆ, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬುದು ಆಗಸ್ಟ್ ನಡುವಿನ ಮಳೆಗೆ ಸೇರಿದವು. ಎರಡನೆಯದರಲ್ಲಿ ಹೇಳುವುದೇನು ಎಂದು ಕೇಳಿದರೆ ಹೆಚ್ಚೇನೂ ಇಲ್ಲ. ಶೇಂಗಾ, ರಾಗಿ, ಸಾವೆ ಬಿತ್ತಿದ ಹೊಲ ಆ ಹೊತ್ತಿಗೆ ನೀರು ಬೇಡುತ್ತಿರುತ್ತದೆ ಎಂಬುದು ರೈತನಿಗೆ ಯಾರೂ ಕಲಿಸಬೇಕಾದ್ದಲ್ಲ. ಗಾದೆ ಇಲ್ಲಿ ಪಂಚಾಂಗದ ಕೆಲಸ ಮಾಡುತ್ತದೆ: ಮಳೆಯ ಹೆಸರು, ಕ್ರಮ, ಹಂಗಾಮು ಮೂರನ್ನೂ ಓದು ಬಾರದವರ ನೆನಪಿನಲ್ಲಿ ಉಳಿಸುತ್ತದೆ.

ಮೌಖಿಕ ಕಾವ್ಯ ಮತ್ತು ಬಯಲಾಟ. ಕಾಡುಗೊಲ್ಲರ ಜುಂಜಪ್ಪನ ಕಾವ್ಯ, ಬೇಡ ನಾಯಕರ ಗಾದ್ರಿಪಾಲನಾಯಕನ ಕಥನ ಮೊದಲಾದವುಗಳಲ್ಲಿ ಬೆಳಗು, ಪಯಣ, ಹುಲ್ಲುಗಾವಲು, ಕದನಗಳನ್ನು ವರ್ಣಿಸುವ ಸಿದ್ಧ ಸಾಲುಗಳು ಮರಳಿ ಮರಳಿ ಬರುತ್ತವೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯಂಥ ಹಾಡುಗಾರ್ತಿಯರು ಬರಹದ ನೆರವಿಲ್ಲದೆ ಅಪಾರ ಪದಗಳನ್ನು ನೆನಪಿನಿಂದ ಹಾಡುತ್ತಿದ್ದರು. ಅವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ದಾಖಲಿಸಿದ್ದಾರೆ. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಬಾಲ್ಕನ್ ನಾಡಿನ ಹಾಡುಗಾರರನ್ನು ಅಭ್ಯಾಸ ಮಾಡಿ, ಸಿದ್ಧ ಸಾಲುಗಳೇ ಹಾಡುತ್ತ ಹಾಡುತ್ತ ಕಟ್ಟುವ ಕಾವ್ಯಕ್ಕೆ ಆಧಾರವೆಂದು ತೋರಿಸಿದರು. ಲಾರ್ಡ್ ಅವರ ಪುಸ್ತಕ 1960ರಲ್ಲಿ ಬಂತು. ಮೂಡಲಪಾಯ ಬಯಲಾಟದಲ್ಲಿಯೂ ಇದೇ ಬಗೆ. ರಾವಣನ ವೇಷ ರಂಗಕ್ಕೆ ಬಂದಾಗ ಅದು ಯಾರೆಂದು ಕಿರೀಟ ನೋಡಿದ ಮಗುವಿಗೂ ಗೊತ್ತು. ಆದರೂ ಸಾರಥಿ ಕೇಳಬೇಕು, ಪಾತ್ರಧಾರಿ ತನ್ನ ಊರು ಹೆಸರು ಹೇಳಬೇಕು. ಅಲ್ಲಿಯವರೆಗೆ ಆಟ ಆರಂಭವಾದಂತಲ್ಲ.

ಶಾಲೆ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ‘ಗಾದೆಮಾತನ್ನು ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆ ಇರುತ್ತದೆ. ಗಾದೆ ಯಾವುದೇ ಬರಲಿ, ಉತ್ತರ ‘ಗಾದೆಗಳು ವೇದಗಳಿಗೆ ಸಮಾನ’ ಎಂದು ಆರಂಭವಾಗಿ, ‘ಹಿರಿಯರ ಅನುಭವದ ನುಡಿಮುತ್ತುಗಳು’ ಎಂದು ಮುಂದುವರಿಯುವುದು ರೂಢಿ. ಗಾದೆಯನ್ನು ಬಿಡಿಸಲು ಕೊಟ್ಟ ಅವಕಾಶವನ್ನು ಗಾದೆಯ ಬಗೆಗಿನ ಸವಕಲು ಮಾತೇ ತಿಂದುಹಾಕುತ್ತದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದನ್ನು ಹೊಸದುರ್ಗದ ರಾಗಿ ಹೊಲದಿಂದಲೋ ಭೀಮಸಮುದ್ರದ ಅಡಿಕೆ ಚೇಣಿಯಿಂದಲೋ ಬಿಡಿಸಿ ಬರೆಯಬಲ್ಲ ಮಕ್ಕಳು, ಕಂಠಪಾಠದ ಪೀಠಿಕೆಯಿಂದ ಹೊರಗೆ ಬರುವುದಿಲ್ಲ. ಇದು ಮಕ್ಕಳ ತಪ್ಪಲ್ಲ, ಸಿದ್ಧ ಉತ್ತರಕ್ಕೆ ಅಂಕ ಕೊಡುವ ಪದ್ಧತಿಯದು.

ನಾಡಿನ ವಿಶೇಷಣಗಳು

ಊರುಗಳಿಗೂ ವ್ಯಕ್ತಿಗಳಿಗೂ ಅಂಟಿದ ವಿಶೇಷಣಗಳು ಸವಕಲು ಮಾತಿನ ಒಂದು ದೊಡ್ಡ ವರ್ಗ. ಚಿತ್ರದುರ್ಗ ‘ಏಳು ಸುತ್ತಿನ ಕೋಟೆ’ಯ ಊರು, ‘ಕೋಟೆ ನಾಡು’, ‘ಕಲ್ಲಿನ ಕೋಟೆ’. ಹೈದರಾಲಿಯ ಸೈನಿಕರನ್ನು ಕಿಂಡಿಯ ಬಳಿ ಒನಕೆಯಿಂದ ಎದುರಿಸಿದ ಓಬವ್ವನ ಹೆಸರು ‘ವೀರವನಿತೆ’ ಇಲ್ಲದೆ ವೇದಿಕೆಯ ಮೇಲೆ ಬರುವುದು ಕಡಿಮೆ. 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಆ ಪತನದ ಕಥೆಯನ್ನೂ, ಪುಟ್ಟಣ್ಣ ಕಣಗಾಲರ 1972ರ ಚಿತ್ರ ‘ನಾಗರಹಾವು’ ಓಬವ್ವನ ಪ್ರಸಂಗವನ್ನೂ ನಾಡಿನ ಮನೆ ಮನೆಗೆ ಒಯ್ದವು. ನವೆಂಬರ್ 11ನ್ನು ಓಬವ್ವ ಜಯಂತಿಯಾಗಿ ಆಚರಿಸಲು ರಾಜ್ಯ ಸರ್ಕಾರ 2021ರಲ್ಲಿ ತೀರ್ಮಾನಿಸಿತು. ಬಿರುದು ಬಾಯಿಪಾಠವಾದಷ್ಟೂ ಅವಳು ಕಹಳೆಯ ಕಾವಲುಗಾರನ ಹೆಂಡತಿಯಾಗಿದ್ದಳು, ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆ ಹೋಗಿ ಕಿಂಡಿಯ ಸದ್ದು ಕೇಳಿದಳು ಎಂಬ ಕಥೆಯ ನಿಜವಾದ ಮೈ ಹಿಂದೆ ಸರಿಯುತ್ತದೆ.

‘ಬರದ ನಾಡು’ ಎಂಬುದು ಇನ್ನೂ ಗಂಭೀರವಾದ ಪ್ರಕರಣ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗದ ತೆಂಗು, ವೇದಾವತಿ ದಂಡೆಯ ನೀರಾವರಿ ಜಮೀನು ಆ ಒಂದು ಪದದೊಳಗೆ ಕಾಣದಾಗುತ್ತವೆ. ಹಿರಿಯೂರು ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಹರಿದಿತ್ತು. ಅನಂತರ ದಶಕಗಳ ಕಾಲ ಹರಿಯಲಿಲ್ಲ. ಅದು ಇನ್ನು ತುಂಬುವುದಿಲ್ಲ ಎಂದು ಯಾರಾದರೂ ಹೇಳಿದರೆ ಪುರಾವೆ ಕೇಳುವ ಅಗತ್ಯವೇ ಇಲ್ಲದಂಥ ಸ್ಥಿತಿ. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಬಳಿಕ, ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ರೂಢಿಯಿಂದ ಸ್ವಯಂಸಿದ್ಧವಾದ ಮಾತಿಗೂ ಸ್ವಭಾವದಿಂದ ಸ್ವಯಂಸಿದ್ಧವಾದ ಮಾತಿಗೂ ಇರುವ ಅಂತರಕ್ಕೆ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸಾರ್ವಜನಿಕ ಮಾತು ಮತ್ತು ಅದರ ಟೀಕೆ

ಪತ್ರಿಕೆ, ಭಾಷಣ ಮತ್ತು ಕಚೇರಿ ಪತ್ರಗಳಲ್ಲಿ ಸವಕಲು ಮಾತು ಉತ್ತರದ ಜಾಗವನ್ನು ಆಕ್ರಮಿಸಿದಾಗ ಹಾನಿ ಆಗುತ್ತದೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯದಲ್ಲಿ ಕರ್ತೃ ಇಲ್ಲ, ದಿನಾಂಕ ಇಲ್ಲ, ಕ್ರಮ ಯಾವುದೆಂಬುದೂ ಇಲ್ಲ. ‘ಹಂತ ಹಂತವಾಗಿ’, ‘ಪ್ರಾಮಾಣಿಕ ಪ್ರಯತ್ನ’, ‘ರೈತ ದೇಶದ ಬೆನ್ನೆಲುಬು’ ಇದೇ ಸಾಲಿನವು. ಜಾರ್ಜ್ ಆರ್ವೆಲ್ 1946ರ ಪ್ರಬಂಧವೊಂದರಲ್ಲಿ ಇಂಥ ಸಿದ್ಧ ಪದಗುಚ್ಛಗಳು ಬರೆಯುವವನ ಬದಲಿಗೆ ತಾವೇ ಯೋಚಿಸತೊಡಗುತ್ತವೆ ಎಂದು ಎಚ್ಚರಿಸಿದ್ದರು.

ದಾವಣಗೆರೆಯಿಂದ ಚಿತ್ರದುರ್ಗ, ಹಿರಿಯೂರು, ಶಿರಾ ಮೂಲಕ ತುಮಕೂರಿಗೆ ಹೋಗುವ ನೇರ ರೈಲು ಮಾರ್ಗದ ಸುದ್ದಿಗಳಲ್ಲಿ ‘ಬಹುದಿನಗಳ ಕನಸು’ ಮತ್ತು ‘ನನೆಗುದಿಗೆ ಬಿದ್ದ ಯೋಜನೆ’ ಎಂಬ ಎರಡು ನುಡಿಗಟ್ಟುಗಳು ಜೋಡಿಯಾಗಿ ಬರುತ್ತವೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ‘ಬಯಲುಸೀಮೆಯ ಜೀವನಾಡಿ’ ಎಂಬುದು ಕಾಯಂ. 2023ರ ಕೇಂದ್ರ ಬಜೆಟ್ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಿತು. ಓದುಗರಿಗೆ ಬೇಕಾದದ್ದು ಎಷ್ಟು ಭೂಮಿ ಸ್ವಾಧೀನವಾಯಿತು, ಯಾವ ಕಾಲುವೆ ಎಲ್ಲಿಗೆ ಬಂತು, ಎಷ್ಟು ಹಣ ಕೈಸೇರಿತು ಎಂಬ ಲೆಕ್ಕ. ‘ಕನಸು’ ಎಂಬ ಪದ ಬಂದ ತಕ್ಷಣ ಲೆಕ್ಕ ಕೇಳುವುದು ಒರಟುತನವೆಂಬಂತೆ ಆಗುತ್ತದೆ. ಸಾವಿನ ಮನೆಯಲ್ಲಿ ಸಮಾಧಾನ ಕೊಡುವ ಗುಣವೇ ಇಲ್ಲಿ ಪ್ರಶ್ನೆಯನ್ನು ಮಲಗಿಸುವ ಗುಣವಾಗುವುದರಿಂದ, ಒಂದು ಮಾತು ಸವಕಲೋ ಅಲ್ಲವೋ ಎಂಬುದನ್ನು ಪದಗಳಿಂದ ತೀರ್ಮಾನಿಸಲು ಬರುವುದಿಲ್ಲ. ಆಡಿದ ಸಂದರ್ಭದಿಂದಲೇ ತೀರ್ಮಾನಿಸಬೇಕು.

ಇಂದಿನ ಸ್ಥಿತಿ

ಮೊಬೈಲಿನ ‘ಶುಭೋದಯ’ ಸಂದೇಶ, ಹೆದ್ದಾರಿಯ ಲಾರಿಗಳ ಬೆನ್ನ ಮೇಲಿನ ‘ತಂದೆ ತಾಯಿ ಆಶೀರ್ವಾದ’, ಹುಟ್ಟುಹಬ್ಬದ ಫ್ಲೆಕ್ಸ್‌ಗಳ ‘ಬಡವರ ಬಂಧು’ ಸಿದ್ಧ ಮಾತಿನ ಹೊಸ ನೆಲೆಗಳು. ಹಳೆಯ ಕಾಗದಗಳ ‘ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’ ಎಂಬ ಒಕ್ಕಣೆ ಕಾಗದದ ಜೊತೆಗೇ ಹೋಗಿದೆ. ಮಳೆ ನಕ್ಷತ್ರದ ಗಾದೆಗಳು ಹಿರಿಯರ ಬಾಯಲ್ಲಿ ಉಳಿದಿವೆ.

ಮುದ್ರಿತ ಸಂಗ್ರಹಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. 1894ರ ಕಿಟೆಲ್ ನಿಘಂಟಿನಲ್ಲಿಯೇ ಹೇರಳ ಗಾದೆಗಳು ಸೇರಿವೆ. ಆದರೆ ಗಾದೆಗಳನ್ನು ಅಕಾರಾದಿಯಾಗಿ ಜೋಡಿಸುವ ಕ್ರಮದಲ್ಲಿ ಅವನ್ನು ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದು ಬಿಟ್ಟುಹೋಗುತ್ತದೆ. ‘ತಾಯಿ ತಾಯೀನೇ’, ‘ಬಂದ್ರೆ ಬಂತು’ ಎಂಬಂಥ ಮಾತುಗಳು ಗಾದೆಯೂ ಅಲ್ಲದ, ನುಡಿಗಟ್ಟೂ ಅಲ್ಲದ ಕಾರಣ ಸಂಗ್ರಹಕಾರರ ಕಣ್ಣಿಗೆ ಬೀಳುವುದೇ ಕಡಿಮೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಮಾತು ಸಂಗ್ರಹಿಸಲು ಹೊರಡುವ ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರತಿ ಮಾತಿನ ಪಕ್ಕದಲ್ಲಿ ಊರು, ಸಂದರ್ಭ, ಅದಕ್ಕೆ ಬಂದ ಉತ್ತರ, ಈ ಮೂರನ್ನು ತಪ್ಪದೆ ಬರೆದಿಡಬೇಕು.